ಅಮೆರಿಕದಲ್ಲಿ ಜಡ್ಜ್‌ಗಿಂತ ಡಿ.ಎ. ಕೈ ಮೇಲಾ?

1970ರ ದಶಕದಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್‌ಟನ್‌ನಲ್ಲಿ ಪಾಲ್ ಹೇಯ್ಸ್ ಎಂಬ ಒಬ್ಬ 88 ಡಾಲರ್ 30 ಸೆಂಟ್‌ನ ಖೋಟಾ ಚೆಕ್ಕಿನ ಕೇಸಿನಲ್ಲಿ ಸಿಕ್ಕಿಬಿದ್ದ. ಆ ಅಪರಾಧಕ್ಕೆ ಅಲ್ಲಿ 2ರಿಂದ 10 ವರ್ಷದವರೆಗೆ ಜೈಲು. ಕೇಸು ನಡೆಸುವ ಸರ್ಕಾರಿ ವಕೀಲರು (ಪ್ರಾಸಿಕ್ಯೂಟರ್, ಅಲ್ಲಿ ಹಲವು ಕಡೆ ಡಿ.ಎ. ಅನ್ನುತ್ತಾರೆ) ಅವನನ್ನೂ ಅವನ ಲಾಯರನ್ನೂ ಕೂರಿಸಿಕೊಂಡು ಒಂದು ಮಾತು ಮುಂದಿಟ್ಟರು. ತಪ್ಪು ಒಪ್ಪಿಕೊಂಡರೆ 5 ವರ್ಷ ಸಾಕು ಅಂತ ಜಡ್ಜ್‌ಗೆ ಶಿಫಾರಸು ಮಾಡುತ್ತೇನೆ. ಒಪ್ಪದೆ ವಿಚಾರಣೆಯೇ ಬೇಕು ಅಂದರೆ, ನಿನ್ನ ಹೆಸರಿನಲ್ಲಿ ಹಳೆಯ ಎರಡು ಶಿಕ್ಷೆ ಇವೆಯಲ್ಲ, ಅವನ್ನೂ ಸೇರಿಸಿ ಪದೇ ಪದೇ ಅಪರಾಧ ಮಾಡುವವರ ಕಾನೂನಿನಡಿ ಹೊಸದಾಗಿ ಕೇಸು ಹಾಕುತ್ತೇನೆ, ಆಗ ಜೀವಾವಧಿ. ಹೇಯ್ಸ್ ಒಪ್ಪಲಿಲ್ಲ. ಸರ್ಕಾರಿ ವಕೀಲರು ಹೇಳಿದ ಹಾಗೇ ಮಾಡಿದರು. ಜೀವಾವಧಿ ಶಿಕ್ಷೆಯೇ ಬಿತ್ತು.

ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1978ರಲ್ಲಿ 5-4ರ ಬಹುಮತದಲ್ಲಿ ಕೋರ್ಟ್ ಕೊಟ್ಟ ತೀರ್ಪು ಏನು ಗೊತ್ತಾ? ಇದರಲ್ಲಿ ಸಂವಿಧಾನಕ್ಕೆ ವಿರುದ್ಧವಾದದ್ದು ಏನೂ ಇಲ್ಲ. ಆರೋಪವನ್ನು ನಂಬುವುದಕ್ಕೆ ತಕ್ಕಷ್ಟು ಆಧಾರ ಇದ್ದರೆ ಸಾಕು, ಕೇಸು ಹಾಕಬೇಕೋ ಬೇಡವೋ, ಹಾಕಿದರೆ ಯಾವ ಸೆಕ್ಷನ್ ಹಾಕಬೇಕು ಅನ್ನುವುದು ಹೆಚ್ಚುಕಡಿಮೆ ಪೂರ್ತಿಯಾಗಿ ಪ್ರಾಸಿಕ್ಯೂಟರ್ ಇಷ್ಟ.

ಈಗ ಹೇಳಿ, ಈ ಕಥೆಯಲ್ಲಿ ಜಡ್ಜ್ ಎಲ್ಲಿದ್ದಾರೆ? ಶಿಕ್ಷೆ ಓದಿದ್ದು ಅವರೇ. ಆದರೆ ಆ ಸೆಕ್ಷನ್ನಿಗೆ ಜೀವಾವಧಿ ಬಿಟ್ಟು ಬೇರೆ ಶಿಕ್ಷೆಯೇ ಇರಲಿಲ್ಲ. 5 ವರ್ಷವೋ ಇಡೀ ಜೀವಮಾನವೋ ಅನ್ನುವುದು ಸರ್ಕಾರಿ ವಕೀಲರು ಸೆಕ್ಷನ್ ಆರಿಸಿದ ಹೊತ್ತಿಗೇ ಮುಗಿದುಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಅಮೆರಿಕದ ರಾಜ್ಯಗಳಲ್ಲಿ ಪ್ರಾಸಿಕ್ಯೂಟರ್ ಅಂದರೆ ಏನು ಅಂತ ತಿಳಿಯಬೇಕಾದರೆ ಕೋರ್ಟ್ ಹಾಲಿನ ವಾದ ಪ್ರತಿವಾದ ಅಲ್ಲಿಗೇ ಬಿಡಿ. ನಿಜವಾದ ಕೆಲಸ ನಡೆಯುವುದು ಅದಕ್ಕೆ ಎಷ್ಟೋ ದಿನ ಮೊದಲು, ಯಾವುದೋ ಆಫೀಸಿನ ಟೇಬಲ್ ಮುಂದೆ.

ನಮ್ಮ ಕಡೆ ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಪಿಪಿ, ಅಂದ ಕೂಡಲೇ ಮನಸ್ಸಿಗೆ ಬರುವುದು ಪೊಲೀಸರು ತಯಾರು ಮಾಡಿಕೊಟ್ಟ ಚಾರ್ಜ್‌ಶೀಟ್ ಹಿಡಿದುಕೊಂಡು ಸೆಷನ್ಸ್ ಕೋರ್ಟಿನಲ್ಲಿ ವಾದ ಮಾಡುವ ಸರ್ಕಾರದ ವಕೀಲರು. ತನಿಖೆ ಠಾಣೆಯದು, ಚಾರ್ಜ್‌ಶೀಟ್ ಠಾಣೆಯದು, ಆರೋಪ ಹೊರಿಸುವುದು ಕೋರ್ಟು. ಪಿಪಿ ಕೇಸು ವಾಪಸ್ ತೆಗೆದುಕೊಳ್ಳಬೇಕಾದರೂ ಕೋರ್ಟಿನ ಒಪ್ಪಿಗೆ ಬೇಕು. ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ಕರ್ನಾಟಕದ ಯಾವ ಊರಿನಲ್ಲೂ ಪಿಪಿ ಹುದ್ದೆಗೆ ಬ್ಯಾನರ್ ಕಟ್ಟಿ, ಕೈಮುಗಿದು ವೋಟು ಕೇಳಿದವರಿಲ್ಲ. ಈ ಚಿತ್ರವನ್ನು ಒಂದು ಪಕ್ಕಕ್ಕೆ ಇಡಿ, ಯಾಕೆಂದರೆ ಅಲ್ಲಿ ಹೆಚ್ಚಿನ ಕಡೆ ಇದರಲ್ಲಿ ಬಹಳಷ್ಟು ಉಲ್ಟಾ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಅಮೆರಿಕದಲ್ಲಿ ಸರ್ಕಾರಿ ವಕೀಲರು ಎರಡು ಬೇರೆ ಬೇರೆ ಸಾಲಿನವರು. ಒಂದು ಕೇಂದ್ರದ್ದು. ಪ್ರೀತ್ ಭರಾರಾ ಹೆಸರು ಕೇಳಿರಬಹುದು, ನ್ಯೂಯಾರ್ಕ್‌ನಲ್ಲಿ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಆಗಿದ್ದವರು, 2013ರಲ್ಲಿ ನಮ್ಮ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಾಗಡೆ ಬಂಧನ ಆದಾಗ ಇಲ್ಲಿಯ ಟಿವಿಗಳಲ್ಲಿ ದಿನಗಟ್ಟಲೆ ಬಂದರು. ಅಂಥವರನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು, ದೇಶಕ್ಕೆಲ್ಲ ಸೇರಿ ಇರುವುದು 93 ಜನ. ಈ ಲೇಖನ ಅವರ ಬಗ್ಗೆ ಅಲ್ಲ. ಕೊಲೆ, ಕಳ್ಳತನ, ಹೊಡೆದಾಟ, ಕುಡಿದು ಗಾಡಿ ಓಡಿಸುವುದು, ಮನೆಯೊಳಗಿನ ಹಿಂಸೆ, ಹೀಗೆ ಜನಸಾಮಾನ್ಯರನ್ನು ಮುಟ್ಟುವ ಅಪರಾಧಗಳೆಲ್ಲ ಹೆಚ್ಚಾಗಿ ರಾಜ್ಯದ ಕಾನೂನಿಗೆ ಸೇರಿದವು. ಅವನ್ನು ನೋಡಿಕೊಳ್ಳುವುದು ಎರಡನೇ ಸಾಲಿನವರು, ಕೌಂಟಿ ಮಟ್ಟದ ಪ್ರಾಸಿಕ್ಯೂಟರ್‌ಗಳು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ ಅಂದುಕೊಳ್ಳಿ. ಇಂಥ ಆಫೀಸುಗಳು ದೇಶದಲ್ಲಿ 2,300ಕ್ಕೂ ಜಾಸ್ತಿ ಇವೆ.

ಹೆಸರು ರಾಜ್ಯಕ್ಕೊಂದು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ, ಇಲಿನಾಯ್‌ನಲ್ಲಿ ಸ್ಟೇಟ್ಸ್ ಅಟಾರ್ನಿ, ಮಿನೆಸೋಟಾದಲ್ಲಿ ಕೌಂಟಿ ಅಟಾರ್ನಿ, ವರ್ಜೀನಿಯಾ, ಕೆಂಟಕಿಗಳಲ್ಲಿ ಕಾಮನ್‌ವೆಲ್ತ್ಸ್ ಅಟಾರ್ನಿ. ಬಾಯಿಗೆ ಸುಲಭ ಅಂತ ನಾನು ಡಿ.ಎ. ಅಂತಲೇ ಬರೆಯುತ್ತೇನೆ. ಲಾಸ್ ಏಂಜಲೀಸ್ ಕೌಂಟಿಯ ಡಿ.ಎ. ಕೆಳಗೆ ಸುಮಾರು ಸಾವಿರ ವಕೀಲರಿದ್ದಾರೆ. ಹಳ್ಳಿಗಾಡಿನ ಕೌಂಟಿಗಳಲ್ಲಿ ಡಿ.ಎ. ಜೊತೆಗೆ ಒಬ್ಬರೋ ಇಬ್ಬರೋ ಸಹಾಯಕರು, ಅಷ್ಟೇ.

ರಾಜ್ಯದ ಅಟಾರ್ನಿ ಜನರಲ್ ಅಂತ ಇನ್ನೊಬ್ಬರು ಇರುತ್ತಾರಲ್ಲ, ಅವರು ಡಿ.ಎ.ಗಳ ಬಾಸ್ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಅಲ್ಲ. ಎ.ಜಿ. ಕೆಲಸ ಬೇರೆ: ರಾಜ್ಯದ ಪರವಾಗಿ ಸಿವಿಲ್ ದಾವೆ, ಗ್ರಾಹಕರ ರಕ್ಷಣೆ, ಮೇಲ್ಮನವಿ, ದೊಡ್ಡ ಕಂಪನಿಗಳ ಮೇಲೆ ಮೊಕದ್ದಮೆ. 1998ರಲ್ಲಿ 46 ರಾಜ್ಯಗಳ ಎ.ಜಿ.ಗಳು ಸೇರಿ ಸಿಗರೇಟ್ ಕಂಪನಿಗಳಿಂದ 25 ವರ್ಷಕ್ಕೆ 200 ಬಿಲಿಯನ್ ಡಾಲರಿಗಿಂತ ಜಾಸ್ತಿ ಒಪ್ಪಿಸಿಕೊಂಡರು, ಅದು ಎ.ಜಿ.ಗಳು ಮಾಡುವ ಥರದ ಕೆಲಸ. ಟ್ರಂಪ್ ಮೇಲಿನ ನ್ಯೂಯಾರ್ಕ್ ಕೇಸುಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆಸ್ತಿ ಬೆಲೆ ಏರಿಸಿ ತೋರಿಸಿದರು ಅನ್ನುವ ಸಿವಿಲ್ ದಾವೆ ಹಾಕಿದ್ದು ರಾಜ್ಯದ ಎ.ಜಿ. ಲೆಟಿಶಿಯಾ ಜೇಮ್ಸ್. ಲೆಕ್ಕಪತ್ರ ತಿದ್ದಿದರು ಅನ್ನುವ ಕ್ರಿಮಿನಲ್ ಕೇಸು ಹಾಕಿ 2024ರ ಮೇ 30ರಂದು 34 ಆರೋಪಗಳಲ್ಲೂ ಜ್ಯೂರಿಯಿಂದ (ತೀರ್ಪು ಹೇಳಲು ಕೋರ್ಟಿನಲ್ಲಿ ಕೂರಿಸುವ ಸಾಮಾನ್ಯ ಜನರ ಗುಂಪು) ತಪ್ಪಿತಸ್ಥ ಅನ್ನಿಸಿದ್ದು ಮ್ಯಾನ್‌ಹಾಟನ್ ಡಿ.ಎ. ಆಲ್ವಿನ್ ಬ್ರ್ಯಾಗ್. ಬ್ರ್ಯಾಗ್ ಅವರನ್ನು ಆರಿಸಿದ್ದು ಒಂದು ದ್ವೀಪದ ಮತದಾರರು. ಅಧ್ಯಕ್ಷರಾದವರು ಕೂಡ ಅವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ರಾಜ್ಯದ ಕೇಸಿನಲ್ಲಿ ಬಿದ್ದ ಶಿಕ್ಷೆಗೆ ಕ್ಷಮಾದಾನ ಕೊಡುವ ಹಾಗೂ ಇಲ್ಲ.

ಚುನಾವಣೆಯ ವಿಷಯಕ್ಕೆ ಬರೋಣ, ಇದೇ ನಮಗೆ ವಿಚಿತ್ರ ಅನ್ನಿಸುವುದು. ಐವತ್ತರಲ್ಲಿ ನಲವತ್ತೈದು ರಾಜ್ಯಗಳಲ್ಲಿ ಈ ಸ್ಥಳೀಯ ಪ್ರಾಸಿಕ್ಯೂಟರ್‌ಗಳನ್ನು ಜನ ವೋಟು ಹಾಕಿ ಆರಿಸುತ್ತಾರೆ. ಬಿಟ್ಟರೆ ಅಲಾಸ್ಕಾ, ಡೆಲವೇರ್, ರೋಡ್ ಐಲೆಂಡ್‌ಗಳಲ್ಲಿ ಎ.ಜಿ. ಕಚೇರಿಯೇ ಎಲ್ಲ ನೋಡಿಕೊಳ್ಳುತ್ತದೆ, ಕನೆಕ್ಟಿಕಟ್‌ನಲ್ಲಿ ಒಂದು ಆಯೋಗ ನೇಮಿಸುತ್ತದೆ, ನ್ಯೂಜೆರ್ಸಿಯಲ್ಲಿ ಗವರ್ನರ್ (ನಮ್ಮ ಮುಖ್ಯಮಂತ್ರಿ ಥರದವರು) 5 ವರ್ಷಕ್ಕೆ ನೇಮಿಸುತ್ತಾರೆ. ಹಾಗಾಗಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಕನ್ನಡಿಗರಿಗೆ ಈ ಚುನಾವಣೆಯ ಗದ್ದಲ ಗೊತ್ತೇ ಇರುವುದಿಲ್ಲ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವವರ ಮನೆಗೆ ಮಾತ್ರ ಸಾಂತಾ ಕ್ಲಾರಾ ಕೌಂಟಿ ಡಿ.ಎ. ಅಭ್ಯರ್ಥಿಗಳ ಬಣ್ಣದ ಕಾರ್ಡು ಅಂಚೆಯಲ್ಲಿ ಬಂದು ಬೀಳುತ್ತದೆ.

ಇದು ಹುಟ್ಟಿನಿಂದ ಹೀಗೇ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಅನ್ಯಾಯಕ್ಕೆ ಒಳಗಾದವರೇ ತಮ್ಮ ಕೇಸು ತಾವೇ ನಡೆಸಿಕೊಳ್ಳಬೇಕಿತ್ತು. ಕನೆಕ್ಟಿಕಟ್ 1704ರಲ್ಲೇ ಕಾನೂನು ಮಾಡಿ ಸರ್ಕಾರದ ಕಡೆಯಿಂದ ಒಬ್ಬರನ್ನು ಇಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ಈ ಹುದ್ದೆ ಗವರ್ನರೋ ಜಡ್ಜೋ ತಮಗೆ ಬೇಕಾದವರಿಗೆ ಕೊಡುವ ಹುದ್ದೆಯಾಗಿಯೇ ಇತ್ತು. ಆಮೇಲೆ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಕಾಲದ ಗಾಳಿ ಬೀಸಿತು, ಎಲ್ಲ ಹುದ್ದೆಯನ್ನೂ ಜನರೇ ತುಂಬಬೇಕು ಅನ್ನುವ ಹುಮ್ಮಸ್ಸು. 1832ರಲ್ಲಿ ಮಿಸಿಸಿಪ್ಪಿ ತನ್ನ ಸಂವಿಧಾನದಲ್ಲೇ ಡಿ.ಎ. ಚುನಾವಣೆ ಸೇರಿಸಿತು, 1846ರಲ್ಲಿ ನ್ಯೂಯಾರ್ಕ್, ನಂತರ ಸಾಲುಸಾಲಾಗಿ ಉಳಿದವು. ಉದ್ದೇಶ ಒಳ್ಳೆಯದೇ: ಯಾರದೋ ಕೃಪೆಯಿಂದ ಕುರ್ಚಿಯಲ್ಲಿ ಕೂತವರು ಜನರಿಗೆ ಉತ್ತರ ಕೊಡಲಿ ಅಂತ. ಆದದ್ದು ಏನೆಂದರೆ ಆ ಕುರ್ಚಿ ರಾಜಕೀಯದ ಮೊದಲ ಮೆಟ್ಟಿಲಾಯಿತು. ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದ ಅರ್ಲ್ ವಾರೆನ್ ಮೊದಲು ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಡಿ.ಎ. ಎರಡು ಸಲ ಅಧ್ಯಕ್ಷ ಹುದ್ದೆಗೆ ನಿಂತು ಸೋತ ಥಾಮಸ್ ಡ್ಯೂಯಿ ಮ್ಯಾನ್‌ಹಾಟನ್ ಡಿ.ಎ. ಕಮಲಾ ಹ್ಯಾರಿಸ್ 2004ರಿಂದ ಸ್ಯಾನ್ ಫ್ರಾನ್ಸಿಸ್ಕೋ ಡಿ.ಎ., 2011ರಿಂದ ರಾಜ್ಯದ ಎ.ಜಿ., ಆಮೇಲೆ ಸೆನೆಟ್, ಆಮೇಲೆ ಉಪಾಧ್ಯಕ್ಷೆ.

ಸರಿ, ಒಂದು ಕೇಸು ಒಳಗೆ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ನ್ಯೂಯಾರ್ಕ್ ಸಿಟಿ ತೆಗೆದುಕೊಳ್ಳಿ. ಯಾರೋ ಅಂಗಡಿಯಿಂದ 1,200 ಡಾಲರಿನ ಫೋನ್ ಎತ್ತಿಕೊಂಡು ಹೋಗುವಾಗ ಸಿಕ್ಕಿಬಿದ್ದರು ಅಂದುಕೊಳ್ಳೋಣ. ಪೊಲೀಸರು ಹಿಡಿದರು, ಬೆರಳಚ್ಚು ತೆಗೆದುಕೊಂಡರು. ಕೋರ್ಟಿಗೆ ಕೊಡುವ ದೂರಿನ ಕಾಗದವನ್ನು ಪೊಲೀಸರು ತಾವೇ ಬರೆದು ಮುಗಿಸುವುದಿಲ್ಲ. ಹಿಡಿದ ಪೊಲೀಸ್ ಅಧಿಕಾರಿ ಡಿ.ಎ. ಕಚೇರಿಯ ಒಬ್ಬ ಸಹಾಯಕ ವಕೀಲರಿಗೆ ನಡೆದದ್ದನ್ನು ಹೇಳಬೇಕು. ಎಷ್ಟೋ ಸಲ ಅದು ರಾತ್ರಿ ಪಾಳಿಯಲ್ಲಿ ಕೂತಿರುವ, ಲಾ ಕಾಲೇಜು ಬಿಟ್ಟು ಹೆಚ್ಚು ವರ್ಷ ಆಗಿರದ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಕ್ಯಾಮೆರಾ ದೃಶ್ಯ ಇದೆಯಾ, ಫೋನ್ ಸಿಕ್ಕಿತಾ, ಹಳೆಯ ಕೇಸು ಏನಾದರೂ ಇದೆಯಾ, ಅಂಗಡಿಯವರು ಸಾಕ್ಷಿಗೆ ಬರುತ್ತಾರಾ, ಹೀಗೆ ನಾಲ್ಕು ಪ್ರಶ್ನೆ ಕೇಳಿ ಅವರು ಕಂಪ್ಯೂಟರಿನಲ್ಲಿ ಸೆಕ್ಷನ್ ಟೈಪ್ ಮಾಡುತ್ತಾರೆ.

ಎಲ್ಲ ನಿಂತಿರುವುದು ಆ ಟೈಪಿಂಗ್ ಮೇಲೆ. ನ್ಯೂಯಾರ್ಕ್ ಕಾನೂನಿನಲ್ಲಿ ಕದ್ದ ಮಾಲಿನ ಬೆಲೆ 1,000 ಡಾಲರ್ ದಾಟಿದರೆ ಅದು ಫೆಲನಿ, ಅಂದರೆ ದೊಡ್ಡ ಅಪರಾಧ, 4 ವರ್ಷದವರೆಗೆ ಜೈಲು ಆಗಬಹುದು. ಅದರ ಕೆಳಗೆ ಸಣ್ಣ ಕಳ್ಳತನ, ಹೆಚ್ಚೆಂದರೆ 364 ದಿನ. 1,200ರ ಫೋನಿಗೆ ಫೆಲನಿ ಹಾಕಬಹುದು. ಮೊದಲ ಸಲ ಸಿಕ್ಕವರು, ಮಾಲು ವಾಪಸ್ ಸಿಕ್ಕಿದೆ, ಹೋಗಲಿ ಅಂತ ಸಣ್ಣ ಕಳ್ಳತನ ಅಂತಲೇ ಹಾಕಬಹುದು. ಕೇಸೇ ಬೇಡ ಅಂತಲೂ ಹೇಳಬಹುದು. ಈ ಮೂರರಲ್ಲಿ ಯಾವುದು ಅಂತ ಆರಿಸಿದ್ದಕ್ಕೆ ಲಿಖಿತ ಕಾರಣ ಕೊಡಬೇಕು ಅಂತ ಯಾವ ಜಡ್ಜೂ ಕೇಳುವುದಿಲ್ಲ. ಯಾಕೆ ಕೇಸು ಹಾಕಲಿಲ್ಲ ಅಂತ ಅಂಗಡಿಯವನು ಕೋರ್ಟಿಗೆ ಹೋದರೂ ಪ್ರಯೋಜನ ಇಲ್ಲ: ಇನ್ನೊಬ್ಬರ ಮೇಲೆ ಕೇಸು ಹಾಕಿಸುವ ಹಕ್ಕು ಖಾಸಗಿ ವ್ಯಕ್ತಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ನಮ್ಮಲ್ಲಾದರೆ ಪೊಲೀಸರು ಬಿ ರಿಪೋರ್ಟ್ ಹಾಕಿದರೆ ಮ್ಯಾಜಿಸ್ಟ್ರೇಟ್ ಮುಂದೆ ತಕರಾರು ಹಾಕುವ ದಾರಿ ಇದೆ, ಖಾಸಗಿ ದೂರಿನ ದಾರಿಯೂ ಇದೆ. ಆ ಸೌಲಭ್ಯ ಅಲ್ಲಿ ಹೆಚ್ಚಿನ ಕಡೆ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ ಅಂತ ನನ್ನ ಅಭಿಪ್ರಾಯ.

ದೊಡ್ಡ ಅಪರಾಧಗಳಿಗೆ ಇನ್ನೊಂದು ಜರಡಿ ಇದೆ, ಗ್ರ್ಯಾಂಡ್ ಜ್ಯೂರಿ. ನ್ಯೂಯಾರ್ಕ್‌ನಲ್ಲಿ 16ರಿಂದ 23 ಜನ ಸಾಮಾನ್ಯರು ಮುಚ್ಚಿದ ಕೋಣೆಯಲ್ಲಿ ಕೂತು ಸಾಕ್ಷಿ ಕೇಳುತ್ತಾರೆ, 12 ಜನ ಒಪ್ಪಿದರೆ ಕೇಸು ಮುಂದೆ ಹೋಗುತ್ತದೆ. ಕೇಳುವುದಕ್ಕೆ ಚೆಂದ. ಆದರೆ ಆ ಕೋಣೆಯಲ್ಲಿ ಜಡ್ಜ್ ಕೂತಿರುವುದಿಲ್ಲ, ಆರೋಪಿಯ ಲಾಯರು ಎದ್ದು ವಾದ ಮಾಡುವ ಹಾಗಿಲ್ಲ, ಯಾವ ಸಾಕ್ಷಿ ತೋರಿಸಬೇಕು ಅಂತ ಬಹುಪಾಲು ನಿರ್ಧರಿಸುವುದು ಡಿ.ಎ. ಕಡೆಯವರು. ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಹಂದಿ ಮಾಂಸದ ಸ್ಯಾಂಡ್‌ವಿಚ್ ಮೇಲೂ ಗ್ರ್ಯಾಂಡ್ ಜ್ಯೂರಿಯಿಂದ ಆರೋಪ ಹೊರಿಸಬಹುದು ಅಂತ 1985ರಲ್ಲಿ ನ್ಯೂಯಾರ್ಕ್‌ನ ಮುಖ್ಯ ನ್ಯಾಯಾಧೀಶ ಸಾಲ್ ವಾಕ್ಟ್ಲರ್ ಹೇಳಿದ ಮಾತು ಇವತ್ತಿಗೂ ಅಲ್ಲಿಯ ವಕೀಲರ ಬಾಯಲ್ಲಿದೆ. (ಕೆಲವು ವರ್ಷಗಳ ನಂತರ ಅದೇ ವಾಕ್ಟ್ಲರ್ ಮೇಲೆ ಬೇರೊಂದು ವಿಷಯಕ್ಕೆ ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಿತು, ಜೈಲಿಗೂ ಹೋದರು. ಅದು ಬೇರೆ ಕಥೆ.) ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಈ ಗ್ರ್ಯಾಂಡ್ ಜ್ಯೂರಿ ಕಡ್ಡಾಯವೂ ಅಲ್ಲ.

ಇಷ್ಟೆಲ್ಲ ಆದ ಮೇಲೆ ಸಿನಿಮಾದಲ್ಲಿ ತೋರಿಸುವ ಹಾಗೆ 12 ಜನರ ಜ್ಯೂರಿ, ವಾದ, ತೀರ್ಪು ಬರಬೇಕು ಅಲ್ವಾ? ಬರುವುದಿಲ್ಲ. 2012ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಲೆಕ್ಕ ಕೊಟ್ಟಿದೆ: ರಾಜ್ಯದ ಕೋರ್ಟುಗಳಲ್ಲಿ ಆಗುವ ಶಿಕ್ಷೆಗಳಲ್ಲಿ ಶೇ. 94ರಷ್ಟು ತಪ್ಪೊಪ್ಪಿಗೆಯಿಂದ ಆದವು. ನೂರಕ್ಕೆ ಆರು ಮಾತ್ರ ವಿಚಾರಣೆ ನಡೆದು ಆದದ್ದು. ಸರ್ಕಾರಿ ವಕೀಲರ ಜೊತೆ ಮಾತಾಡಿಕೊಂಡು ಕಡಿಮೆ ಶಿಕ್ಷೆಗೆ ತಪ್ಪೊಪ್ಪಿಕೊಳ್ಳುವ ಇದಕ್ಕೇ ಪ್ಲೀ ಬಾರ್ಗೇನ್ ಅನ್ನುವುದು. ನಮ್ಮಲ್ಲೂ 2006ರಿಂದ ಈ ವ್ಯವಸ್ಥೆ ಕಾನೂನು ಪುಸ್ತಕದಲ್ಲಿದೆ, 7 ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ, ಆದರೆ ಬಳಕೆ ತೀರಾ ಕಮ್ಮಿ. ಅಲ್ಲಿ ಇಡೀ ಯಂತ್ರ ಓಡುವುದೇ ಇದರ ಮೇಲೆ.

ಯಾಕೆ ಎಲ್ಲರೂ ಒಪ್ಪಿಕೊಳ್ಳುತ್ತಾರೆ? ತಪ್ಪು ಮಾಡಿರುವುದಕ್ಕೆ ಒಪ್ಪಿಕೊಳ್ಳುವವರು ಬಹಳ ಜನ, ಅದರಲ್ಲಿ ಅನುಮಾನ ಇಲ್ಲ. ಆದರೆ ಲೆಕ್ಕಾಚಾರವೂ ಇದೆ. ಜಾಮೀನಿನ ದುಡ್ಡು ಕಟ್ಟಲಾಗದೆ ಒಳಗಿರುವವನಿಗೆ ಇವತ್ತು ಒಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಅಂತ ಹೇಳಿದರೆ, ವಿಚಾರಣೆಗೆ ಆರು ತಿಂಗಳು ಕಾಯುತ್ತೇನೆ ಅನ್ನುವವರು ಎಷ್ಟು ಜನ? ಜೊತೆಗೆ ಅನೇಕ ಸೆಕ್ಷನ್‌ಗಳಿಗೆ ಕನಿಷ್ಠ ಶಿಕ್ಷೆ ಇಷ್ಟು ಅಂತ ಶಾಸನಸಭೆ ಮೊದಲೇ ನಿಗದಿ ಮಾಡಿರುತ್ತದೆ, ಜಡ್ಜ್‌ಗೆ ಕರುಣೆ ಬಂದರೂ ಇಳಿಸುವ ಹಾಗಿಲ್ಲ. ಆ ಸೆಕ್ಷನ್ ಇರಬೇಕೋ ಕೈಬಿಡಬೇಕೋ ಅನ್ನುವುದು ಮಾತ್ರ ಡಿ.ಎ. ಕೈಯಲ್ಲಿ. ಜುಟ್ಟು ಕೈಗೆ ಸಿಕ್ಕ ಮೇಲೆ ಮಾತುಕತೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ?

ಇಷ್ಟು ಅಧಿಕಾರ ಇರುವವರಿಗೆ ಲಗಾಮು ಏನು? ಕಾನೂನಿನ ಪ್ರಕಾರ ಮುಖ್ಯವಾದದ್ದು ಒಂದು ಕರ್ತವ್ಯ. ಆರೋಪಿಗೆ ಅನುಕೂಲವಾಗುವ ಮಹತ್ವದ ಸಾಕ್ಷ್ಯ ತಮ್ಮ ಬಳಿ ಇದ್ದರೆ ಅದನ್ನು ಬಚ್ಚಿಡುವ ಹಾಗಿಲ್ಲ, ಎದುರು ಪಕ್ಷಕ್ಕೆ ಕೊಡಲೇಬೇಕು. 1963ರ ಬ್ರೇಡಿ ತೀರ್ಪಿನಿಂದ ಬಂದ ನಿಯಮ ಇದು. ಸರ್ಕಾರಿ ವಕೀಲರ ಕೆಲಸ ಕೇಸು ಗೆಲ್ಲುವುದಲ್ಲ, ನ್ಯಾಯ ಸಿಗುವ ಹಾಗೆ ನೋಡಿಕೊಳ್ಳುವುದು ಅಂತ 1935ರಲ್ಲೇ ಸುಪ್ರೀಂ ಕೋರ್ಟ್ ಬರೆದಿತ್ತು. ಹೇಳುವುದು ಸುಲಭ.

ನ್ಯೂ ಆರ್ಲಿಯನ್ಸ್‌ನ ಜಾನ್ ಥಾಂಪ್ಸನ್ ಕೇಸು ನೋಡಿ. 1985ರಲ್ಲಿ ಅವರ ಮೇಲೆ ಮೊದಲು ಒಂದು ದರೋಡೆ ಕೇಸು ಗೆದ್ದರು, ಆ ಶಿಕ್ಷೆಯನ್ನು ಮೆಟ್ಟಿಲು ಮಾಡಿಕೊಂಡು ಕೊಲೆ ಕೇಸಿನಲ್ಲಿ ಮರಣದಂಡನೆ ಕೊಡಿಸಿದರು. ದರೋಡೆಯ ಜಾಗದಲ್ಲಿ ದರೋಡೆಕೋರನ ರಕ್ತ ಸಿಕ್ಕಿತ್ತು, ಲ್ಯಾಬ್ ಪರೀಕ್ಷೆಯಲ್ಲಿ ಅದು ಬಿ ಗುಂಪು ಅಂತ ಬಂದಿತ್ತು. ಥಾಂಪ್ಸನ್ ರಕ್ತ ಓ ಗುಂಪು. ಆ ಲ್ಯಾಬ್ ವರದಿಯನ್ನು ಡಿ.ಎ. ಕಚೇರಿ ಎದುರು ಪಕ್ಷಕ್ಕೆ ಕೊಡಲೇ ಇಲ್ಲ. 1999ರಲ್ಲಿ, ಮರಣದಂಡನೆ ಜಾರಿಯಾಗುವ ದಿನಕ್ಕೆ ಕೆಲವೇ ವಾರ ಉಳಿದಿದ್ದಾಗ, ಅವರ ವಕೀಲರ ಕಡೆಯ ತನಿಖೆಯಲ್ಲಿ ವರದಿ ಹೊರಗೆ ಬಂತು. ದರೋಡೆ ಶಿಕ್ಷೆ ರದ್ದಾಯಿತು. 2003ರಲ್ಲಿ ಕೊಲೆ ಕೇಸಿನ ಮರುವಿಚಾರಣೆಯಲ್ಲಿ ಜ್ಯೂರಿ ಅರ್ಧ ಗಂಟೆಯ ಆಸುಪಾಸಿನಲ್ಲೇ ಬಿಡುಗಡೆ ಅಂದಿತು. ಅಷ್ಟು ಹೊತ್ತಿಗೆ ಒಳಗೆ 18 ವರ್ಷ ಕಳೆದಿದ್ದವು, ಅದರಲ್ಲಿ 14 ಮರಣದಂಡನೆಯವರ ಕೋಣೆಯಲ್ಲಿ. ಪರಿಹಾರಕ್ಕೆ ದಾವೆ ಹಾಕಿದಾಗ ಜ್ಯೂರಿ 14 ಮಿಲಿಯನ್ ಡಾಲರ್ ಕೊಡಿ ಅಂದಿತು. 2011ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ಕಿತ್ತುಕೊಂಡಿತು. ಒಂದು ಕೇಸಿನಲ್ಲಿ ತಪ್ಪಾಯಿತು ಅಂತ ಇಡೀ ಕಚೇರಿಯೇ ತನ್ನ ವಕೀಲರಿಗೆ ತರಬೇತಿ ಕೊಡಲಿಲ್ಲ ಅನ್ನುವ ಹಾಗಿಲ್ಲ, ಇದು ಕೋರ್ಟಿನ ತರ್ಕ.

ಹಾಗಾದರೆ ವರದಿ ಬಚ್ಚಿಟ್ಟ ವಕೀಲರ ಮೇಲೇ ದಾವೆ ಹಾಕಬಹುದಲ್ಲ? ಅದೂ ಆಗುವುದಿಲ್ಲ. ಕೇಸು ನಡೆಸುವ ಕೆಲಸದಲ್ಲಿ ಮಾಡಿದ್ದಕ್ಕೆ ಪ್ರಾಸಿಕ್ಯೂಟರ್ ಮೇಲೆ ಪರಿಹಾರದ ದಾವೆ ನಿಲ್ಲುವುದಿಲ್ಲ ಅಂತ 1976ರ ಇಂಬ್ಲರ್ ತೀರ್ಪು ಪೂರ್ತಿ ರಕ್ಷಣೆ ಕೊಟ್ಟುಬಿಟ್ಟಿದೆ. ಪೊಲೀಸರಿಗೂ ಅಷ್ಟು ಗಟ್ಟಿಯಾದ ರಕ್ಷಣೆ ಇಲ್ಲ. ಶಿಕ್ಷೆ ಆದ ಉದಾಹರಣೆ ಹುಡುಕಿದರೆ ಸಿಗುವುದು ಟೆಕ್ಸಾಸ್‌ನ ಕೆನ್ ಆಂಡರ್ಸನ್. ಹೆಂಡತಿಯನ್ನು ಕೊಂದ ಅಂತ 1987ರಲ್ಲಿ ಶಿಕ್ಷೆಯಾದ ಮೈಕಲ್ ಮಾರ್ಟನ್ ಸುಮಾರು 25 ವರ್ಷದ ನಂತರ, 2011ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ ಹೊರಬಂದರು. ಆ ಕೇಸು ನಡೆಸಿ ಸಾಕ್ಷ್ಯ ಮುಚ್ಚಿಟ್ಟಿದ್ದ ಆಂಡರ್ಸನ್ ಅಷ್ಟರಲ್ಲಿ ಜಡ್ಜ್ ಆಗಿದ್ದರು. 2013ರಲ್ಲಿ ಅವರಿಗೆ ಆದ ಶಿಕ್ಷೆ 10 ದಿನ ಜೈಲು, 500 ಡಾಲರ್ ದಂಡ, ವಕೀಲಿ ಲೈಸೆನ್ಸ್ ಹೋಯಿತು. 25 ವರ್ಷಕ್ಕೆ 10 ದಿನ. ಅಷ್ಟಾದರೂ ಆಯಿತಲ್ಲ ಅಂತ ಅಲ್ಲಿಯ ಪತ್ರಿಕೆಗಳು ಅದನ್ನು ಅಪರೂಪದ ಸುದ್ದಿಯಾಗಿ ಬರೆದವು.

ಉಳಿದದ್ದು ಮತದಾರ. ಮತದಾರ ಏನು ಮಾಡುತ್ತಾನೆ ಅನ್ನುವುದಕ್ಕೆ ಮಿಸಿಸಿಪ್ಪಿಯ ವಿನೋನಾ ಊರಿನ ಕಥೆ ಕೇಳಿ. 1996ರಲ್ಲಿ ಅಲ್ಲಿಯ ಒಂದು ಪೀಠೋಪಕರಣದ ಅಂಗಡಿಯಲ್ಲಿ ನಾಲ್ಕು ಜನರ ಕೊಲೆಯಾಯಿತು. ಹಿಂದೆ ಅಲ್ಲಿ ಕೆಲಸ ಮಾಡಿದ್ದ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ಯುವಕನ ಮೇಲೆ ಡಿ.ಎ. ಡಗ್ ಇವಾನ್ಸ್ ಕೇಸು ಹಾಕಿದರು. ಒಂದಲ್ಲ ಎರಡಲ್ಲ, ಆರು ಸಲ ವಿಚಾರಣೆ ನಡೆಸಿದರು. ಮೊದಲ ಮೂರು ಶಿಕ್ಷೆಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ ರದ್ದು ಮಾಡಿತು, ನಾಲ್ಕು ಐದರಲ್ಲಿ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಆರನೆಯದರಲ್ಲಿ ಮತ್ತೆ ಮರಣದಂಡನೆ. ಜ್ಯೂರಿಗೆ ಬಂದವರಲ್ಲಿ ತಾವು ಹೊರಗಿಡಬಹುದಾಗಿದ್ದ 42 ಕಪ್ಪು ಜನರಲ್ಲಿ ಡಿ.ಎ. ಕಡೆಯವರು ಆರೂ ವಿಚಾರಣೆ ಸೇರಿ 41 ಜನರನ್ನು ಬೇಡ ಅಂತ ಹೊರಗಿಟ್ಟಿದ್ದರು. 2019ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಆರನೇ ಶಿಕ್ಷೆಯನ್ನೂ ತೆಗೆದುಹಾಕಿತು. ಐದು ತಿಂಗಳೂ ತುಂಬುವ ಮೊದಲೇ, ಅದೇ ನವೆಂಬರ್‌ನಲ್ಲಿ, ಡಗ್ ಇವಾನ್ಸ್ ಮತ್ತೆ ಡಿ.ಎ. ಆಗಿ ಗೆದ್ದರು. ಎದುರಿಗೆ ಯಾರೂ ನಿಂತಿರಲಿಲ್ಲ! ಮುಂದಿನ ವರ್ಷ ರಾಜ್ಯದ ಎ.ಜಿ. ಕಚೇರಿ ಕೇಸು ಕೈಬಿಟ್ಟಿತು, ಸುಮಾರು 23 ವರ್ಷ ಒಳಗಿದ್ದ ಫ್ಲವರ್ಸ್‌ಗೆ ಅಲ್ಲಿಗೆ ಮುಕ್ತಿ.

ಸಣ್ಣ ಊರುಗಳಲ್ಲಿ ಹೀಗಾಗುವುದು ಹೊಸದೇನಲ್ಲ. ಇರುವ ಹತ್ತಿಪ್ಪತ್ತು ವಕೀಲರಲ್ಲಿ ನಾಳೆ ಅದೇ ಡಿ.ಎ. ಎದುರು ಕಕ್ಷಿದಾರರಿಗಾಗಿ ಮಾತುಕತೆಗೆ ಕೂರಬೇಕಾದವರೇ ಎಲ್ಲರೂ, ಯಾರು ಎದುರು ಹಾಕಿಕೊಳ್ಳುತ್ತಾರೆ?

ದೊಡ್ಡ ಊರುಗಳಲ್ಲಿ ಇತ್ತೀಚೆಗೆ ಚಿತ್ರ ಬದಲಾಗಿದೆ. 2017ರಲ್ಲಿ ಫಿಲಡೆಲ್ಫಿಯಾದಲ್ಲಿ ಲ್ಯಾರಿ ಕ್ರಾಸ್ನರ್ ಗೆದ್ದರು, ಪೊಲೀಸರ ಮೇಲೆ ದಾವೆ ಹಾಕುತ್ತಲೇ ವಕೀಲಿ ಮಾಡಿದ್ದವರು. ಸಣ್ಣಪುಟ್ಟ ಕೇಸುಗಳಿಗೆ ಜೈಲು ಬೇಡ ಅನ್ನುವ ಇಂಥ ಡಿ.ಎ.ಗಳು ಒಂದಷ್ಟು ನಗರಗಳಲ್ಲಿ ಬಂದರು, ಅದಕ್ಕೆ ತಕ್ಕ ಹಾಗೆ ತಿರುಗೇಟೂ ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಥ ಡಿ.ಎ. ಚೇಸಾ ಬುಡಿನ್ ಅವರನ್ನು ಅವಧಿ ಮುಗಿಯುವ ಮೊದಲೇ 2022ರ ಜೂನ್‌ನಲ್ಲಿ ಮತದಾರರೇ ವೋಟು ಹಾಕಿ ಹುದ್ದೆಯಿಂದ ಇಳಿಸಿದರು. ಅದೇ ಆಗಸ್ಟ್‌ನಲ್ಲಿ ಫ್ಲಾರಿಡಾ ಗವರ್ನರ್ ಡಿಸ್ಯಾಂಟಿಸ್, ಗರ್ಭಪಾತದ ಕೇಸು ಹಾಕುವುದಿಲ್ಲ ಅನ್ನುವ ಹೇಳಿಕೆಗೆ ಸಹಿ ಹಾಕಿದ್ದ ಟ್ಯಾಂಪಾದ ಪ್ರಾಸಿಕ್ಯೂಟರ್ ಆಂಡ್ರೂ ವಾರೆನ್ ಅವರನ್ನು ಅಮಾನತು ಮಾಡಿದರು. ಮರುವರ್ಷ ಒರ್ಲ್ಯಾಂಡೋದ ಮೋನಿಕ್ ವೊರೆಲ್ ಅವರನ್ನೂ ತೆಗೆದರು. ವೊರೆಲ್ 2024ರಲ್ಲಿ ಮತ್ತೆ ನಿಂತು ಗೆದ್ದು ಅದೇ ಕುರ್ಚಿಗೆ ಬಂದರು. ಜನ ಆರಿಸಿದವರನ್ನು ಗವರ್ನರ್ ತೆಗೆಯಬಹುದಾ ಅನ್ನುವುದಕ್ಕೆ ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ಒಂದು ಕೇಸನ್ನು ಮಾತ್ರ ಕೈಯಿಂದ ತೆಗೆದುಕೊಳ್ಳಬಹುದು. ಮಿನೆಸೋಟಾದಲ್ಲಿ 2020ರ ಮೇ ಕೊನೆಗೆ ಜಾರ್ಜ್ ಫ್ಲಾಯ್ಡ್ ಕೊಲೆ ಕೇಸನ್ನು ಮುನ್ನಡೆಸುವ ಹೊಣೆ ಕೌಂಟಿಯಿಂದ ರಾಜ್ಯದ ಎ.ಜಿ. ಕೀತ್ ಎಲಿಸನ್‌ಗೆ ಹೋದದ್ದು ಹಾಗೆ. ದಿನಾ ಬೆಳಗಾದರೆ ಪೊಲೀಸರ ಸಾಕ್ಷಿ ಮೇಲೇ ಕೇಸು ನಡೆಸುವ ಕಚೇರಿ ಅದೇ ಪೊಲೀಸರ ಮೇಲೆ ಕೊಲೆ ಕೇಸು ಗಟ್ಟಿಯಾಗಿ ನಡೆಸುತ್ತದೆ ಅಂತ ಜನ ನಂಬಲಿಲ್ಲ, ಅದರಲ್ಲಿ ತಪ್ಪೂ ಇಲ್ಲ.

ಇನ್ನು ನಮ್ಮವರಿಗೆ ನೇರವಾಗಿ ತಾಗುವ ಭಾಗ. ಅಲ್ಲಿರುವ ಕನ್ನಡಿಗರಲ್ಲಿ ಎಚ್-1ಬಿ, ಗ್ರೀನ್ ಕಾರ್ಡ್‌ನವರು ಬಹಳ. ಅವರಿಗೆ ಡಿ.ಎ. ಚುನಾವಣೆಯಲ್ಲಿ ವೋಟಿಲ್ಲ, ಡಿ.ಎ. ಹಾಕುವ ಸೆಕ್ಷನ್ ಮಾತ್ರ ಉಳಿದವರಿಗಿಂತ ಅವರಿಗೇ ಜಾಸ್ತಿ ಏಟು ಕೊಡುತ್ತದೆ. ಗಂಡ ಹೆಂಡತಿ ಜಗಳ ಜೋರಾಯಿತು, ಕೈ ಮಾಡಿದ್ದೂ ಆಯಿತು, 911ಕ್ಕೆ, ಅಂದರೆ ಅಲ್ಲಿಯ ತುರ್ತು ಸಹಾಯದ ನಂಬರಿಗೆ, ಫೋನ್ ಹೋಯಿತು ಅಂದುಕೊಳ್ಳಿ. ಮರುದಿನ ಇಬ್ಬರೂ ರಾಜಿ, ಊರಿಂದ ಅಪ್ಪ ಅಮ್ಮ ಫೋನ್ ಮಾಡಿ ಬುದ್ಧಿ ಹೇಳಿದರು, ಹೆಂಡತಿ ಹೋಗಿ ಕಂಪ್ಲೇಂಟ್ ವಾಪಸ್ ತಗೋತೀನಿ ಅಂದರು. ಆಗುವುದಿಲ್ಲ. ಯಾಕೆಂದರೆ ಅದು ಅವರ ಕೇಸೇ ಅಲ್ಲ. ಕಾಗದದ ಮೇಲೆ ಒಂದು ಕಡೆ ‘ಕ್ಯಾಲಿಫೋರ್ನಿಯಾದ ಜನತೆ’ ಅಂತ ಇರುತ್ತದೆ, ಇನ್ನೊಂದು ಕಡೆ ಗಂಡನ ಹೆಸರು. ಹೆಂಡತಿ ಬರೀ ಸಾಕ್ಷಿ. ಬಿಡುವುದು ಮುಂದುವರಿಸುವುದು ಡಿ.ಎ. ಮರ್ಜಿ. ಹೆದರಿಸಿ ದೂರು ವಾಪಸ್ ತೆಗೆಸುವವರು ಎಲ್ಲ ಕಡೆ ಇರುವುದರಿಂದ ಹಲವು ಕೌಂಟಿಗಳು ಬೇಕೆಂದೇ ಬಿಗಿಯಾಗಿರುತ್ತವೆ. ಆಕೆ ಸಾಕ್ಷಿ ಹೇಳಲು ಬರದಿದ್ದರೂ ಪೊಲೀಸರ ಎದೆಯ ಮೇಲಿನ ಕ್ಯಾಮೆರಾ ಇದೆ, ಗಾಯದ ಫೋಟೋ ಇದೆ. ಅಪಾಯದ ಹೊತ್ತಿನಲ್ಲಿ ಸಹಾಯಕ್ಕೆ ಅಂತ 911ಕ್ಕೆ ಹೇಳಿದ ಮಾತಿನ ರೆಕಾರ್ಡಿಂಗನ್ನು, ಹೇಳಿದವರು ಕೋರ್ಟಿಗೆ ಬರದಿದ್ದರೂ, ಸಾಕ್ಷ್ಯವಾಗಿ ಬಳಸಬಹುದು ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಡಿ.ಎ. ಕಚೇರಿಯವರು ಫೋನ್ ಮಾಡಿ ಮೃದುವಾಗಿ ಮಾತಾಡಿದರು ಅಂತ ಅವರು ನಮ್ಮ ವಕೀಲರು ಅಂದುಕೊಳ್ಳುವ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಲ. ಅವರ ಕಕ್ಷಿದಾರ ರಾಜ್ಯ.

ಇಲ್ಲಿ ಪ್ಲೀ ಬಾರ್ಗೇನ್‌ನ ಇನ್ನೊಂದು ಮುಖ ಎದುರಾಗುತ್ತದೆ. ಜೈಲಿಲ್ಲ, ಒಂದಷ್ಟು ಕ್ಲಾಸು ಮುಗಿಸಿದರೆ ಸಾಕು ಅಂತ ಸರ್ಕಾರಿ ವಕೀಲರು ಹೇಳಿದರೆ ಯಾರಿಗಾದರೂ ಒಪ್ಪಿಬಿಡೋಣ ಅನ್ನಿಸುತ್ತದೆ. ಆದರೆ ಕೌಟುಂಬಿಕ ಹಿಂಸೆಯ ಅಪರಾಧಕ್ಕೆ ಶಿಕ್ಷೆಯಾದ ದಾಖಲೆ ಇದ್ದರೆ, 1996ರ ಕಾನೂನಿನಿಂದ, ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಅದೇ ಘಟನೆಗೆ ಬೇರೆ ಸೆಕ್ಷನ್ ಒಪ್ಪಿಕೊಂಡಿದ್ದರೆ ಬಚಾವಾಗುತ್ತಿದ್ದರೇನೋ. ಹೊಂಡುರಾಸ್‌ನಲ್ಲಿ ಹುಟ್ಟಿ, 40 ವರ್ಷ ಕಾನೂನುಬದ್ಧವಾಗಿ ಅಮೆರಿಕದಲ್ಲಿದ್ದು, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿದ್ದ ಹೋಸೆ ಪಡಿಯಾ ಎಂಬ ಲಾರಿ ಡ್ರೈವರ್ ಗಾಂಜಾ ಸಾಗಣೆ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಇಷ್ಟು ವರ್ಷದಿಂದ ಇದ್ದೀರಿ, ವಲಸೆಯ ಚಿಂತೆ ಬೇಡ ಅಂದಿದ್ದರಂತೆ ಅವರ ವಕೀಲರು. ಆ ಅಪರಾಧಕ್ಕೆ ಗಡೀಪಾರು ಹೆಚ್ಚುಕಡಿಮೆ ಖಚಿತವಾಗಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್, ಗಡೀಪಾರಿನ ಅಪಾಯ ಇದ್ದರೆ ಆರೋಪಿಗೆ ಅದನ್ನು ಹೇಳುವುದು ಅವರ ವಕೀಲರ ಕರ್ತವ್ಯ ಅಂತ ತೀರ್ಪು ಕೊಟ್ಟಿತು.

ಆ ಕರ್ತವ್ಯ ಬಿದ್ದಿರುವುದು ಆರೋಪಿಯ ವಕೀಲರ ಮೇಲೆ. ಸರ್ಕಾರಿ ವಕೀಲರೂ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ ಕಾನೂನಿನಲ್ಲೇ ಬರೆದ ರಾಜ್ಯ ಕ್ಯಾಲಿಫೋರ್ನಿಯಾ: 2016ರ ಜನವರಿಯಿಂದ, ಪ್ಲೀ ಮಾತುಕತೆಯಲ್ಲಿ ವಲಸೆಯ ಮೇಲಾಗುವ ಪರಿಣಾಮವನ್ನೂ ಪ್ರಾಸಿಕ್ಯೂಟರ್ ಪರಿಗಣಿಸಬೇಕು. ಮೇಲೆ ಹೇಳಿದ ನ್ಯೂಯಾರ್ಕ್‌ನ 364 ದಿನದ ಲೆಕ್ಕವೂ ಇದಕ್ಕೇ ಸೇರಿದ್ದು. 2019ರವರೆಗೆ ಅಲ್ಲಿ ಸಣ್ಣ ಕಳ್ಳತನಕ್ಕೆ ಹೆಚ್ಚೆಂದರೆ ಪೂರ್ತಿ ಒಂದು ವರ್ಷ ಜೈಲು ಇತ್ತು, ಒಂದು ವರ್ಷ ಶಿಕ್ಷೆ ಆಗಬಹುದಾದ ಅಪರಾಧ ಅಂದರೆ ಕೇಂದ್ರದ ವಲಸೆ ಕಾನೂನಿನ ಒಂದು ಗಡೀಪಾರು ಸೆಕ್ಷನ್ನಿಗೆ ಅಷ್ಟೇ ಸಾಕಾಗುತ್ತಿತ್ತು. ರಾಜ್ಯದ ಶಾಸನಸಭೆ ಅದರಿಂದ ಒಂದು ದಿನ ಕಳೆಯಿತು.